ಏಳನೇ ನಂಬರಿನ ಅಜ್ಜಿ

ಎವಾಲ್ಟ್ ಪ್ರಿಬಿಲ್ಲಾ ಯಾರನ್ನೂ ಸುಲಭಕ್ಕೆ ನಂಬುವ ಆಸಾಮಿಯಲ್ಲ. ಇಪ್ಪತ್ತೊಂಬತ್ತು ವರ್ಷ ಕಲ್ಲಿದ್ದಲ ಗಣಿಯಲ್ಲಿ ನೆಲದಡಿ ದುಡಿದವನು. ಕಿರುಗುಟ್ಟುವ ಚಾವಣಿಯನ್ನಾದರೂ ನಂಬು, ಸದ್ದಿಲ್ಲದ ಚಾವಣಿಯನ್ನು ನಂಬಬೇಡ ಎಂದು ಅಲ್ಲಿ ಕಲಿತಿದ್ದ. ಗಣಿ ಮುಚ್ಚಿ ಎಷ್ಟೋ ವರ್ಷವಾಗಿತ್ತು, ಬುದ್ಧಿ ಮಾತ್ರ ಹಾಗೇ ಇತ್ತು. ಹಾಗಾಗಿ ಸೆಪ್ಟೆಂಬರಿನ ಒಂದು ಬೆಳಿಗ್ಗೆ ಮೃಗಾಲಯದ ಹೆಂಗಸು ಅವನ ಬಾಗಿಲಲ್ಲಿ ನಗುತ್ತಾ ನಿಂತಾಗ ಅವನ ಕಣ್ಣು ನೇರ ಅವಳ ಬೂಟಿನ ಮೇಲೆ ಹೋಯಿತು.

“ಬೂಟು ಬಿಚ್ಚಿ,” ಅಂದ. ಬನ್ನಿ ಇಲ್ಲ, ಕೂತ್ಕೊಳ್ಳಿ ಇಲ್ಲ.

“ನಾನೇ ಕೇಳ್ಬೇಕು ಅಂತಿದ್ದೆ. ಬೇರೆ ಕಾಡಿನ ಮಣ್ಣು ನಿಮ್ಮನೆ ಒಳಗೆ ಬರಬಾರದು ನೋಡಿ,” ಎಂದು ಅವಳು ಬಿಚ್ಚಿಯೇ ಬಿಟ್ಟಳು. ಅಷ್ಟು ಸಲೀಸಾಗಿ ಒಪ್ಪಿಕೊಂಡದ್ದೇ ಅವನ ಅನುಮಾನವನ್ನು ಇಮ್ಮಡಿ ಮಾಡಿತು. ಜಗಳವಾಡದೆ ಬೂಟು ಬಿಚ್ಚುವವರ ಹೊಟ್ಟೆಯಲ್ಲಿ ಏನೋ ಇರಲೇಬೇಕು.

ಅವಳು ಡಾಕ್ಟರ್ ಫೆನ್ಯಾ ಓಲ್ಟ್‌ಮನ್ಸ್. ಉತ್ತರದ ಕಡಲ ಕಡೆಯವಳು, ಮೃಗಾಲಯದಲ್ಲಿ ಕಪ್ಪೆ, ಸಾಲಮಾಂಡರ್‌ಗಳ ವಿಭಾಗ ಅವಳದು. ಎರಡು ವಾರ ಮೊದಲೇ ಪತ್ರ ಬರೆದಿದ್ದಳು. ಈ ರೂರ್ ಗಣಿ ಸೀಮೆಯ ಕಾಡುಗಳಲ್ಲಿ ಸಾಲಮಾಂಡರ್‌ಗಳು ಚರ್ಮ ತಿನ್ನುವ ಬೂಷ್ಟು ರೋಗಕ್ಕೆ ಸಾಯುತ್ತಿವೆ, ಉಳಿಸಿಟ್ಟುಕೊಳ್ಳಲು ಮೃಗಾಲಯದಲ್ಲಿ ಜಾಗ ಸಾಲದು, ಮನೆಯಲ್ಲಿ ಸಾಕುವವರು ಕೈಜೋಡಿಸಬೇಕು. ಅರ್ಧ ನಿಮ್ಮಲ್ಲಿ, ಅರ್ಧ ನಮ್ಮಲ್ಲಿ, ಪಟ್ಟಿ ಒಂದೇ. ಇಷ್ಟುದ್ದದ ಪತ್ರದಲ್ಲಿ ಎವಾಲ್ಟನಿಗೆ ಕಂಡದ್ದು ಒಂದೇ ಮಾತು: ನಿನ್ನ ಪ್ರಾಣಿ ಇಲ್ಲಿ ಕೊಡು.

ನೆಲಮಾಳಿಗೆಗೆ ಇಳಿಸಿದ. ಹಿಂದೆ ಕಲ್ಲಿದ್ದಲು ತುಂಬುತ್ತಿದ್ದ ಕೋಣೆ, ಬೇಸಿಗೆಯಲ್ಲೂ ತಣ್ಣಗೆ. ಗೋಡೆಯುದ್ದಕ್ಕೂ ಗಾಜಿನ ಪೆಟ್ಟಿಗೆಗಳು. ಅವುಗಳಲ್ಲಿ ಗೇಣುದ್ದದ, ಹಲ್ಲಿಯಂಥ ಕಪ್ಪು ಜೀವಗಳು, ಬೆನ್ನ ಮೇಲೆ ಮೊಟ್ಟೆಯ ಹಳದಿಯಂಥ ಮಚ್ಚೆ. ಪ್ರತಿಯೊಂದರ ಮಚ್ಚೆಯೂ ಬೇರೆ, ಮನುಷ್ಯರ ಹೆಬ್ಬೆಟ್ಟಿನ ಗುರುತಿದ್ದ ಹಾಗೆ. ಫೆನ್ಯಾ ಪ್ರತಿ ಪೆಟ್ಟಿಗೆಯ ಮುಂದೆ ಮಂಡಿಯೂರಿ ನೋಡಿದಳು. ಹತ್ತು ಎಣಿಸಿದಳು.

“ಇಷ್ಟೇನಾ?”

“ಇಷ್ಟೇ.”

ಸುಳ್ಳು. ಪಕ್ಕದ ಬಟ್ಟೆ ಒಗೆಯುವ ಕೋಣೆಯಲ್ಲಿ, ಹಳೇ ಕಂಬಳಿ ಮುಚ್ಚಿದ ಪೆಟ್ಟಿಗೆಗಳಲ್ಲಿ, ಇನ್ನೂ ಎಂಟಿದ್ದವು. ಗಣಿ ಕೇರಿಯಲ್ಲಿ ಪಾರಿವಾಳ ಸಾಕಲಿ, ಮೊಲ ಸಾಕಲಿ, ಎಲ್ಲರದೂ ಒಂದೇ ರಿವಾಜು: ಬಂದವರಿಗೆ ಒಳ್ಳೆಯದನ್ನು ತೋರಿಸಬಾರದು, ಕೇಳಿದವರಿಗೆ ಒಳ್ಳೆಯದನ್ನು ಕೊಡಬಾರದು. ಎವಾಲ್ಟನ ಅಪ್ಪನೂ ಹೀಗೇ ಮಾಡಿದ್ದ, ಅಜ್ಜನೂ ಹೀಗೇ ಮಾಡಿದ್ದ.

“ನಾವು ಹುಡುಕ್ತಿರೋದು ಮುಖ್ಯವಾಗಿ ಕ್ರೇಯೆನ್ ಹಳ್ಳದ್ದು,” ಎಂದಳು ಫೆನ್ಯಾ. “ಮೂರು ವರ್ಷದಿಂದ ಅಲ್ಲಿ ಒಂದೇ ಒಂದು ಕಣ್ಣಿಗೆ ಬಿದ್ದಿಲ್ಲ. ಯಾರ ಮನೇಲಾದ್ರೂ ಆ ಹಳ್ಳದ ವಂಶ ಉಳಿದಿದ್ರೆ, ಮರಿ ಮಾಡಿಸಿ ಒಂದಿನ ವಾಪಸ್ ಬಿಡಬಹುದು. ನಿಮ್ಮವು ಎಲ್ಲಿಂದ ಬಂದಿದ್ದು ಪ್ರಿಬಿಲ್ಲಾ ಅವರೇ?”

ಹದಿನೆಂಟೂ ಕ್ರೇಯೆನ್ ಹಳ್ಳದ ವಂಶದವೇ. ೧೯೮೬ರಲ್ಲಿ, ಹಳ್ಳದ ಮೇಲ್ದಂಡೆಯನ್ನು ಗಣಿಯ ಕಲ್ಲುಮಣ್ಣು ಸುರಿದು ಮುಚ್ಚುತ್ತಾರೆಂದು ಸುದ್ದಿ ಬಂದಾಗ, ಅವನ ಹೆಂಡತಿ ಗೆರ್ಡಾ ಹಾಲಿನ ಕ್ಯಾನು ಹಿಡಿದು ಹೋಗಿ ಹನ್ನೆರಡನ್ನು ಹೊತ್ತು ತಂದಿದ್ದಳು. ಕಾಯ್ದಿಟ್ಟ ಕಾಡು ಅದು, ಅಲ್ಲಿಂದ ಎಲೆ ತಂದರೂ ಅಪರಾಧ. ಗೆರ್ಡಾಗೆ ಅದರ ಖಬರೇ ಇರಲಿಲ್ಲ; ಬಾಲಬೋಧೆಯ ಮಗುವಿನಂತೆ ನೋಟ್‌ಬುಕ್ಕಿನಲ್ಲಿ ಒಂದೊಂದರ ಬೆನ್ನಿನ ಚಿತ್ರ ಬರೆದು, ನಂಬರು ಹಾಕಿ, ತಾರೀಕು, ಜಾಗ, ಕೆಳಗೆ ತನ್ನ ರುಜು ಕೂಡ ಹಾಕಿದ್ದಳು. ಸಾಯುವ ವಾರ ಹೇಳಿದ್ದು ಒಂದೇ ಮಾತು: “ಅವು ಅವುಗಳ ಹಳ್ಳಕ್ಕೆ ವಾಪಸ್ ಹೋಗ್ಬೇಕು ಕಣ್ರೀ. ನಾನು ಸಾಲ ತಂದಿದ್ದು, ಕದ್ದಿದ್ದಲ್ಲ.”

ಈಗ ಆ ಹಳ್ಳದ ಹೆಸರು ಹೇಳಿಕೊಂಡೇ ಒಬ್ಬಳು ಮನೆಗೆ ಬಂದಿದ್ದಾಳೆ! ಇದು ಬಲೆಯಲ್ಲದೆ ಇನ್ನೇನು? ಬಾಯಿ ಬಿಟ್ಟರೆ ನಾಳೆ ಅಧಿಕಾರಿಗಳು ಬಂದು ಪೆಟ್ಟಿಗೆ ಸಮೇತ ಎತ್ತಿಕೊಂಡು ಹೋಗುತ್ತಾರೆ, ಸತ್ತವಳ ಹೆಸರು ಕಳ್ಳರ ಕಡತ ಸೇರುತ್ತದೆ.

“ಸಂತೇಲಿ ತಗೊಂಡಿದ್ದು. ಯಾವ ಸಂತೆ ಅಂತ ನೆನಪಿಲ್ಲ,” ಅಂದ.

ಫೆನ್ಯಾ ಬರೆದುಕೊಳ್ಳಲು ತೆಗೆದ ಪೆನ್ನನ್ನು ಹಾಗೇ ಜೇಬಿಗೆ ಹಾಕಿದಳು. ಅವಳೂ ನಂಬಲಿಲ್ಲ ಎಂದು ಅವನಿಗೆ ಗೊತ್ತಾಯಿತು.

ಆದರೂ ಅವನು ನಾಲ್ಕು ಪ್ರಾಣಿ ಕೊಡಲು ಒಪ್ಪಿದ. ಪೂರ್ತಿ ಇಲ್ಲವೆಂದರೆ ಇನ್ನೂ ಕೆದಕುತ್ತಾಳೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಯಾವ ನಾಲ್ಕು ಎಂದು ಮೂರು ದಿನ ಲೆಕ್ಕ ಹಾಕಿದ. ಮೂರು ಬಡಕಲು ಮರಿಗಳು, ಸರಿ. ನಾಲ್ಕನೆಯದು ಅಜ್ಜಿ. ಗೆರ್ಡಾ ತಂದ ಹನ್ನೆರಡರಲ್ಲಿ ಬದುಕುಳಿದದ್ದು ಅವಳೊಬ್ಬಳೇ, ಏಳನೇ ನಂಬರು. ಒಂದು ಕಣ್ಣು ಮಂಜಾಗಿತ್ತು, ಐದು ವರ್ಷದಿಂದ ಮರಿ ಹಾಕಿರಲಿಲ್ಲ. ಕೊಡಲು ಮನಸ್ಸಿರಲಿಲ್ಲ. ಆದರೆ ಅಜ್ಜಿ ಮತ್ತು ಗೆರ್ಡಾಳ ನೋಟ್‌ಬುಕ್ಕು ಒಂದೇ ಸೂರಿನಡಿ ಇರುವುದು ಅಪಾಯ. ಶೋಧನೆಗೆ ಬಂದವರು ಎರಡನ್ನೂ ಪಕ್ಕಪಕ್ಕ ಇಟ್ಟರೆ ಮುಗಿಯಿತು ಕಥೆ. ಪುರಾವೆಯನ್ನು ಪೊಲೀಸರ ಕೈಗೇ ಕೊಟ್ಟು ಬಚ್ಚಿಡುವುದಕ್ಕಿಂತ ಜಾಣತನ ಉಂಟೇ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ.

ಅಕ್ಟೋಬರಿನಲ್ಲಿ ಫೆನ್ಯಾ ಒಯ್ಯಲು ಬಂದಳು. ಫಾರಂನಲ್ಲಿ ಮೂಲ ಸ್ಥಳ ಎಂಬ ಜಾಗದಲ್ಲಿ ಅವನು “ಸಂತೆ, ಗೊತ್ತಿಲ್ಲ” ಎಂದು ಬರೆದು ರುಜು ಹಾಕಿದ. ಅವಳು ಕೈಗವಸು ಬದಲಿಸುತ್ತಾ ಬದಲಿಸುತ್ತಾ ಹತ್ತೂ ಪ್ರಾಣಿಗಳ ಬೆನ್ನಿಗೆ, ಹೊಟ್ಟೆಗೆ ಹತ್ತಿ ಸುತ್ತಿದ ಕಡ್ಡಿ ಉಜ್ಜಿ, ಒಂದೊಂದನ್ನೂ ಕೊಳವೆಗೆ ಹಾಕಿ ಮುಚ್ಚಿದಳು.

“ಏನದು ಹಚ್ತಿರೋದು?”

“ಹಚ್ತಿಲ್ಲ, ತೆಗೀತಿದೀನಿ. ರೋಗ ಇದೆಯಾ ಅಂತ ಪರೀಕ್ಷೆಗೆ. ಇನ್ನೊಂದು ಮಾತು, ಇನ್ಮೇಲೆ ಕಾಡಿಂದ ಎಲೆ, ಪಾಚಿ, ಏನೂ ತರಬೇಡಿ. ಒದ್ದೆ ಪೇಪರ್ ಹಾಸಿದ್ರೆ ಸಾಕು.”

“ಹೂಂ,” ಅಂದ ಎವಾಲ್ಟ್. ಪೇಪರ್ ಹಾಸಬೇಕಂತೆ, ಆಸ್ಪತ್ರೆ ನೋಡು! ನಲವತ್ತು ವರ್ಷದ ಹತ್ತಿರ ಸಾಕಿದವನಿಗೆ ನಿನ್ನೆ ಮೊನ್ನೆ ಬಂದವಳು ಹೇಳಿಕೊಡುತ್ತಾಳೆ.

ಪಕ್ಕದ ಮನೆಯ ತುರ್ಹಾನ್ ಬೇಲಿಯಾಚೆಯಿಂದ ಎಲ್ಲ ನೋಡುತ್ತಿದ್ದ. ಅವನೂ ಅದೇ ಗಣಿಯಲ್ಲಿ ದುಡಿದವನು, ಈಗ ಪಾರಿವಾಳ ಸಾಕುತ್ತಾನೆ. ಚಹಾದ ಲೋಟ ಹಿಡಿದೇ ಕೂಗಿದ, “ಏನಯ್ಯಾ, ಮಗಳನ್ನ ಗಂಡನ ಮನೆಗೆ ಕಳಿಸಿದ ಹಾಗೆ ಮುಖ ಮಾಡ್ಕೊಂಡಿದೀಯ?”

“ಆ ಹತ್ತಿ ಕಡ್ಡಿ ನೋಡಿದ್ಯಾ? ಏನೋ ಹಚ್ಚಿದಾಳೆ ಅನ್ಸತ್ತೆ ಕಣೋ.”

“ಹೌದೌದು. ರಾತ್ರಿ ಎದ್ದು ಅವೆಲ್ಲ ಮೃಗಾಲಯಕ್ಕೆ ನಡ್ಕೊಂಡು ಹೋಗೋ ಔಷಧಿ ಇರ್ಬೇಕು,” ಎಂದು ತುರ್ಹಾನ್ ನಕ್ಕ.

ವಾರದಲ್ಲಿ ಫೆನ್ಯಾಳ ಕಾಗದ ಬಂತು: ಹತ್ತಕ್ಕೂ ರೋಗವಿಲ್ಲ. ಎವಾಲ್ಟ್ ಅದನ್ನೂ ನಂಬಲಿಲ್ಲ.

ನವೆಂಬರ್ ಒಂದು, ಸಕಲ ಸಂತರ ಹಬ್ಬ. ಆ ದಿನ ಕೇರಿಯವರೆಲ್ಲ ಸತ್ತವರ ಸಮಾಧಿಗೆ ಚಳಿಗಾಲದ ಹೊದಿಕೆ ಹೊದಿಸುತ್ತಾರೆ. ಫರ್ ಮರದ ರೆಂಬೆ, ಹಸಿರು ಪಾಚಿ, ಕೆಂಪು ಲೋಟದಲ್ಲಿ ದೀಪ. ಎವಾಲ್ಟ್ ಅಂಗಡಿಯ ಪಾಚಿ ಮುಟ್ಟುವವನಲ್ಲ. ಗೆರ್ಡಾ ಸತ್ತ ವರ್ಷದಿಂದ ತಪ್ಪದೆ ಕ್ರೇಯೆನ್ ಹಳ್ಳಕ್ಕೇ ಹೋಗಿ, ಕಲ್ಲಿನ ಮೇಲಿನ ದಪ್ಪ ಪಾಚಿ ಎಬ್ಬಿಸಿ, ಒಂದು ಚೀಲ ಅವಳ ಸಮಾಧಿಗೆ, ಇನ್ನೊಂದು ಚೀಲ ಅವಳ ಸಾಲಮಾಂಡರ್‌ಗಳಿಗೆ ತರುತ್ತಿದ್ದ. ಹಬ್ಬದ ದಿನ ಅವಳಿಗೂ ಅವಕ್ಕೂ ಒಂದೇ ಹಳ್ಳದ ಹಾಸಿಗೆ. ಈ ವರ್ಷವೂ ತಂದ. ಫೆನ್ಯಾಳ ಮಾತು ನೆನಪಾಗದೆ ಇರಲಿಲ್ಲ. ನೆನಪಾಗಿಯೇ, ಅವಳ ಮೇಲಿನ ಹಟಕ್ಕೆ ಒಂದು ಹಿಡಿ ಹೆಚ್ಚೇ ತಂದ. ಮೊದಲು ಹಾಸಿದ್ದು ಒಗೆಯುವ ಕೋಣೆಯ ಎಂಟಕ್ಕೆ. ಒಳ್ಳೆಯವಕ್ಕೆ ಮೊದಲ ಪಾಲು. ಉಳಿದದ್ದನ್ನು ಮುಂದಿನ ವಾರ ಆರಕ್ಕೆ ಹಾಸಿದ.

ಎರಡು ವಾರ ಕಳೆದ ಮೇಲೆ ಬಚ್ಚಿಟ್ಟ ಎಂಟರಲ್ಲಿ ಒಂದು ಎರೆಹುಳ ಮುಟ್ಟಲಿಲ್ಲ. ಎತ್ತಿ ನೋಡಿದರೆ ಹೊಟ್ಟೆಯ ಮೇಲೆ ಸಿಗರೇಟಿನಿಂದ ಸುಟ್ಟ ಹಾಗೆ ಸಣ್ಣ ಸಣ್ಣ ಗಾಯ. ಮರುದಿನ ಇನ್ನೊಂದಕ್ಕೆ.

“ಹಚ್ಚಿ ಹೋದಳು!” ಎಂದು ಅವನು ಬೇಲಿಯ ಬಳಿ ಹೋಗಿ ಕೂಗಾಡಿದ. “ಆ ಕಡ್ಡೀಲಿ ರೋಗ ಹಚ್ಚಿ ಹೋದಳು ಡಾಕ್ಟರಮ್ಮ! ನಮ್ಮವು ಸತ್ರೆ ಅವಳ ಹತ್ರ ಇರೋ ನಾಲ್ಕಕ್ಕೆ ಬೆಲೆ ಜಾಸ್ತಿ ಆಗತ್ತಲ್ಲ, ಅದಕ್ಕೆ!”

ತುರ್ಹಾನ್ ಲೋಟ ಕೆಳಗಿಟ್ಟ. “ಯಾವುದಕ್ಕೆ ಬಂದಿದೆ ರೋಗ?”

“ಒಗೆಯೋ ಕೋಣೇಲಿರೋವಕ್ಕೆ.”

“ಅವನ್ನ ಅವಳು ನೋಡೇ ಇಲ್ಲ ಅಂದಿದ್ಯಲ್ಲೋ. ಮುಟ್ಟದೆ ಹೇಗೆ ಹಚ್ಚಿದಳು, ಮಾಟ ಮಾಡಿ?”

ಎವಾಲ್ಟನಿಗೆ ಸಿಟ್ಟು ಬಂತು. “ನೀನೂ ಅವಳ ಕಡೇನೇ ಬಿಡು,” ಅಂದ.

“ಲೋ, ನಾನು ಯಾರ ಕಡೇನೂ ಅಲ್ಲ. ಫೋನ್ ಮಾಡು ಅವಳಿಗೆ. ನನ್ನ ಪಾರಿವಾಳಕ್ಕೆ ಹೀಗಾಗಿದ್ರೆ ಸೈತಾನಂಗಾದ್ರೂ ಫೋನ್ ಮಾಡ್ತಿದ್ದೆ.”

ಅವನು ಮಾಡಲಿಲ್ಲ. ಫೋನ್ ಮಾಡಿದರೆ ಎಂಟನ್ನು ಬಚ್ಚಿಟ್ಟದ್ದು ಹೊರಬೀಳುತ್ತದೆ. ಉಪ್ಪುನೀರಿನಲ್ಲಿ ತೊಳೆದ, ಕ್ಯಾಮೊಮೈಲ್ ಹೂವಿನ ಕಷಾಯದಲ್ಲಿ ಅದ್ದಿದ, ಗೆರ್ಡಾಳ ಪಟದ ಮುಂದೆ ದೀಪ ಹಚ್ಚಿದ. ಒಂಬತ್ತು ದಿನದಲ್ಲಿ ಎಂಟೂ ಹೋದವು. ಆಚೆಯ ಆರರಲ್ಲಿ ಮೂರು ಉಳಿದಿದ್ದಾಗ, ಅವುಗಳ ಹೊಟ್ಟೆಯಲ್ಲೂ ತೂತು ಬೀಳತೊಡಗಿದಾಗ, ಫೆನ್ಯಾಳ ನಂಬರು ಒತ್ತಿದ.

ಫೆನ್ಯಾ ಬಿಳಿ ಮೇಲುಡುಪು ತೊಟ್ಟು ಇಳಿದು ಬಂದಳು. ಒಗೆಯುವ ಕೋಣೆಯ ಖಾಲಿ ಪೆಟ್ಟಿಗೆಗಳನ್ನು ಎಣಿಸಿದಳು. ಬಯ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಚಿಮಟದಲ್ಲಿ ಪಾಚಿ ಎತ್ತಿ ಹಿಡಿದಳು.

“ಇದು ಎಲ್ಲಿಂದ?”

“ಕಾಡಿಂದ.”

“ಯಾವ ಕಾಡು?”

“ಕಾಡು ಅಂದ್ರೆ ಕಾಡು.”

“ಪ್ರಿಬಿಲ್ಲಾ ಅವರೇ, ರೋಗ ಬಂದಿದ್ದು ಇದರಲ್ಲೇ. ಎಷ್ಟೋ ಸಲ ಅಂಟಲ್ಲ, ಒಂದು ಸಲ ಅಂಟಿದ್ರೆ ಸಾಕು. ಮೊದಲನೇ ದಿನ ಹೇಳಿದ್ರೆ, ಹತ್ತು ದಿನ ಬೆಚ್ಚಗೆ ಇಪ್ಪತ್ತೈದು ಡಿಗ್ರೀಲಿ ಇಟ್ಟು ಉಳಿಸ್ಕೋಬಹುದಿತ್ತು. ಈ ಬೂಷ್ಟಿಗೆ ಸೆಕೆ ಆಗಲ್ಲ. ಅಷ್ಟೇ ಔಷಧಿ.” ಪಾಚಿಯನ್ನು ಚೀಲಕ್ಕೆ ಹಾಕುತ್ತಾ ಕೇಳಿದಳು, “ಈ ಪಾಚಿ ಬೇರೆ ಎಲ್ಲಾದ್ರೂ ಹಾಕಿದೀರಾ?”

“ಇಲ್ಲ,” ಅಂದ. ಸಮಾಧಿಯ ಸುದ್ದಿ ಇವಳಿಗೆ ಯಾಕೆ?

ಉಳಿದ ಮೂರನ್ನು ಅವಳು ಒಯ್ದಳು. ಅವೂ ಬದುಕಲಿಲ್ಲ. ಎವಾಲ್ಟ್ ಪೆಟ್ಟಿಗೆಗಳನ್ನು ಅವಳು ಕೊಟ್ಟ ಔಷಧದಲ್ಲಿ ತೊಳೆದು ಬೋರಲು ಹಾಕಿದ. ಬೇರೆಯವರ ಎಲೆಯ ನೊಣ ಹುಡುಕುತ್ತಾ ಕೂತವನ ಎಲೆಯಲ್ಲೇ ಹೆಗ್ಗಣ ಬಿದ್ದಿತ್ತು.

ಫೆಬ್ರವರಿಯಲ್ಲಿ ಇನ್ನೊಂದು ಕಾಗದ. ನೀವು ಕೊಟ್ಟ ನಾಲ್ಕು ಆರೋಗ್ಯವಾಗಿವೆ. ಆದರೆ ಮೂಲ ಸ್ಥಳ ಗೊತ್ತಿಲ್ಲದ ಪ್ರಾಣಿಗಳನ್ನು ಕಾಡಿಗೆ ಬಿಡುವ ಯೋಜನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಜಾಗದ ಅಭಾವವಿರುವುದರಿಂದ ಮುಂದಿನ ವಾರ ಅವನ್ನು ಶಾಲೆಗಳ ಪ್ರದರ್ಶನಕ್ಕೆ ಬೇರೆ ಬೇರೆಯಾಗಿ ಹಂಚಲಾಗುವುದು.

ಎವಾಲ್ಟ್ ಅದನ್ನು ಮೂರು ಸಲ ಓದಿದ. ಕ್ರೇಯೆನ್ ಹಳ್ಳದ ವಂಶದಲ್ಲಿ ಉಳಿದದ್ದು ಆ ನಾಲ್ಕೇ. ಗೆರ್ಡಾಳ ಸಾಲ ತೀರಿಸಲು ಬೇರೆ ಏನೂ ಇಲ್ಲ. ಅವನ್ನು ಬೇವಾರ್ಸಿ ಮಾಡಿದ್ದು ಯಾರು? ಮೃಗಾಲಯವಲ್ಲ, ಅಧಿಕಾರಿಗಳಲ್ಲ. ಅವನದೇ ಕೈಬರಹ, ಅವನದೇ ರುಜು. ಹೊಲಿಗೆ ಯಂತ್ರದ ಕೆಳಗಿನ ಖಾನೆಯಿಂದ ನೋಟ್‌ಬುಕ್ಕು ತೆಗೆದು, ಗಣಿಗೆ ಒಯ್ಯುತ್ತಿದ್ದ ಹಳೇ ಊಟದ ಡಬ್ಬಿಯೊಳಗಿಟ್ಟು, ಟ್ರ್ಯಾಮು ಹತ್ತಿದ.

ಮೃಗಾಲಯದ ಹಿಂಬಾಗಿಲಲ್ಲಿ ಫೆನ್ಯಾ ಅವನನ್ನು ಒಳಗೆ ಬಿಡಲಿಲ್ಲ. “ಕ್ಷಮಿಸಿ, ರೋಗ ಬಂದ ಮನೆಯವರು ಇದರೊಳಗೆ ಬರೋ ಹಾಗಿಲ್ಲ,” ಎಂದು ಗಾಜಿನ ಬಾಗಿಲ ಆಚೆಯೇ ನಿಂತಳು. ಅವನು ತನ್ನ ಬೂಟು ನೋಡಿಕೊಂಡ. ಬಾಗಿಲಿನ ಪಕ್ಕದ ಕಿಂಡಿಯ ಬಳಿ ಬಗ್ಗಿ, ಎಲ್ಲ ಹೇಳಿದ. ಹಾಲಿನ ಕ್ಯಾನು, ಹನ್ನೆರಡು, ಗೆರ್ಡಾ, ಸುಳ್ಳು ಫಾರಂ.

ಅವಳು ಕೈಕಟ್ಟಿಕೊಂಡು ಕೇಳಿದಳು. “ಅಕ್ಟೋಬರಲ್ಲಿ ಸಂತೆ ಅಂದ್ರಿ. ಹತ್ತೇ ಇರೋದು ಅಂದ್ರಿ. ಈಗ ಅಪರೂಪದ ವಂಶ ಅಂತೀರಿ. ತಮ್ಮ ಪ್ರಾಣಿ ಅಪರೂಪ ಅಂತ ಹೇಳ್ಕೊಂಡು ವರ್ಷಕ್ಕೆ ಹತ್ತು ಜನ ಬರ್ತಾರೆ. ನಾನು ಯಾವ ಪ್ರಿಬಿಲ್ಲಾನ ನಂಬಲಿ?”

“ನನ್ನ ನಂಬಬೇಡಿ,” ಅಂದ ಎವಾಲ್ಟ್. “ಅವಳನ್ನ ನಂಬಿ.” ಡಬ್ಬಿಯಿಂದ ನೋಟ್‌ಬುಕ್ಕು ತೆಗೆದು, ಏಳನೇ ಪುಟ ಬಿಡಿಸಿ ಗಾಜಿಗೆ ಅಂಟಿಸಿ ಹಿಡಿದ.

ಫೆನ್ಯಾ ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಕೈ ಸೋತರೂ ಅವನು ಪುಟ ಇಳಿಸಲಿಲ್ಲ. ಅವಳು ನೋಟ್‌ಬುಕ್ಕು ಕಿತ್ತುಕೊಳ್ಳಲು ಯಾರನ್ನೋ ಕರೆತರುತ್ತಿದ್ದಾಳೆ ಎಂದು ಒಮ್ಮೆ ಅನಿಸಿತು. ಥೂ, ಹುಟ್ಟುಗುಣ ಸುಟ್ಟರೂ ಹೋಗದು! ಕೊನೆಗೆ ಅವಳು ಪೆಟ್ಟಿಗೆ ಹಿಡಿದು ಬಂದು, ಗಾಜಿನ ಆ ಬದಿಯಲ್ಲಿ ಪುಟದ ಪಕ್ಕಕ್ಕೇ ಎತ್ತಿದಳು. ಎಡಗಡೆ ಒಂಬತ್ತು ಮಚ್ಚೆ. ಭುಜದ ಹಿಂದೆ ಒಂದು ಬಿಡುವು. ಬಾಲದ ಮೇಲಿನ ಮೂರು ಸೇರಿ ಒಂದು ಕೊಕ್ಕೆ. ಮಂಜುಗಣ್ಣಿನ ಅಜ್ಜಿ, ಗೆರ್ಡಾ ಪೆನ್ಸಿಲಿನಲ್ಲಿ ಬರೆದ ಅಜ್ಜಿಯ ಪಕ್ಕದಲ್ಲಿ ಅಲುಗದೆ ಕೂತಿದ್ದಳು. ಫೆನ್ಯಾ ಬೆರಳಿನಿಂದ ಒಂದೊಂದೇ ಮಚ್ಚೆ ಎಣಿಸಿ, ಮತ್ತೊಮ್ಮೆ ಎಣಿಸಿದಳು.

“ಅವಳೇ,” ಅಂದಳು. ದನಿ ಬೇರೆಯಾಗಿತ್ತು. “ಮೂವತ್ತಾರು ವರ್ಷ! ಆದ್ರೆ ಮೂಲ ಸ್ಥಳದ ಜಾಗದಲ್ಲಿ ಯಾರು ತಂದ್ರು ಅಂತಾನೂ ಬರೀಬೇಕಾಗತ್ತೆ. ನಿಮ್ಮ ಮನೆಯವರ ಹೆಸರು. ಕಾಯ್ದಿಟ್ಟ ಕಾಡಿಂದ ಅಂತ.”

“ಬರೀರಿ. ಕಳ್ಳಿ ಅಂತ ಬೇಕಾದ್ರೂ ಬರೀರಿ, ನಾಲ್ಕೂ ಒಟ್ಟಿಗಿದ್ರೆ ಸಾಕು.”

“ಒಟ್ಟಿಗೇ ಇರ್ತಾವೆ. ಮರಿಗಳು ದೊಡ್ಡವಾದ್ಮೇಲೆ, ನಿಮ್ಮ ನೆಲಮಾಳಿಗೆ ಶುದ್ಧವಾಗಿದೆ ಅಂತ ಗೊತ್ತಾದ್ಮೇಲೆ, ಒಂದು ಜೋಡಿ ನಿಮಗೆ—”

“ಬೇಡ,” ಅಂದ ಅವನು ಥಟ್ಟನೆ. “ಆ ಮನೆಯವನನ್ನ ನಂಬಬೇಡಿ. ಇನ್ನೂ ಒಂದು ಸುಳ್ಳಿದೆ. ಆ ಪಾಚಿ ಇನ್ನೊಂದು ಕಡೆ ಹಾಕಿದೀನಿ. ಅವಳ ಸಮಾಧಿ ಮೇಲೆ.”

ಫೆನ್ಯಾ ಯಾವ ಸ್ಮಶಾನವೆಂದು ಕೇಳಿ ತಿಳಿದಳು. ಸ್ಮಶಾನದ ಹಿಂದೆಯೇ ಇನ್ನೊಂದು ಕಾಡು, ಅಲ್ಲಿ ಸಾಲಮಾಂಡರ್‌ಗಳು ಇನ್ನೂ ಬದುಕಿದ್ದವು. ಚಳಿ ಇಳಿದ ಮೊದಲ ಮಳೆಗೆ ಹೊರಗೆ ಬರುತ್ತವೆ. “ಇವತ್ತೇ ತೆಗೀಬೇಕು,” ಎಂದು ಕಿಂಡಿಯಲ್ಲಿ ಕೈಗವಸು, ದಪ್ಪ ಚೀಲ, ಔಷಧದ ಬಾಟಲಿ ದಾಟಿಸಿದಳು. “ಮೇಲಿನ ಮಣ್ಣೂ ಬರಬೇಕು.”

ಮಧ್ಯಾಹ್ನ ಅವನು ಹೆಂಡತಿಯ ಸಮಾಧಿಯ ಮುಂದೆ ಮಂಡಿಯೂರಿದ. ಪಾಚಿ ಇನ್ನೂ ಹಸಿರಾಗಿತ್ತು, ಬೇರು ಹಿಡಿದಿತ್ತು. ಅಂಚಿನಿಂದ ಎಬ್ಬಿಸಿ, ಚೀಲಕ್ಕೆ ಹಾಕಿ, ಕೆಳಗಿನ ಮಣ್ಣು ಕೆರೆಯತೊಡಗಿದ. “ನಾಲ್ಕು ಉಳಿದಿವೆ ಗೆರ್ಡಾ,” ಅಂದ. “ಹದಿನಾಲ್ಕನ್ನ ನಾನೇ ಕೊಂದೆ. ನಾನೇ.” ಅಷ್ಟು ಹೇಳುವಷ್ಟರಲ್ಲಿ ಕಣ್ಣೀರು ಮೂಗಿನ ತುದಿಗೆ ಬಂದಿತ್ತು, ಕೈಗವಸಿನ ಕೈಯಲ್ಲಿ ಒರೆಸಿಕೊಳ್ಳುವಂತಿರಲಿಲ್ಲ.

ಪಕ್ಕದ ಸಾಲಿನಲ್ಲಿ ನೀರಿನ ಕ್ಯಾನು ಹಿಡಿದ ಒಬ್ಬ ಹೆಂಗಸು ಆಗಲೇ ಬಹಳ ಹೊತ್ತಿಂದ ನೋಡುತ್ತಿದ್ದಳು. ಹತ್ತಿರ ಬಂದು ದನಿಯೇರಿಸಿದಳು, “ಏನ್ ಮಾಡ್ತಿದೀರಾ ಅಲ್ಲಿ? ಸತ್ತವರ ಮೇಲಿನ ಪಾಚೀನೂ ಬಿಡಲ್ವಾ ನೀವು?”

“ನನ್ನ ಹೆಂಡ್ತಿ ಸಮಾಧಿ ಇದು.”

“ಹೆಂಡ್ತೀದಾ? ಯಾರು ನಂಬ್ತಾರೆ! ನಾನು ಮೇಲ್ವಿಚಾರಕರನ್ನ ಕರೀತೀನಿ.”

ಎವಾಲ್ಟ್ ತಲೆಯೆತ್ತಿ ಅವಳನ್ನು ನೋಡಿದ. ಅವಳ ಮುಖದಲ್ಲಿದ್ದ ಅನುಮಾನ ಅವನಿಗೆ ಚೆನ್ನಾಗಿ ಪರಿಚಯವಿದ್ದದ್ದೇ.

“ನಂಬಬೇಡಿ ತಾಯಿ,” ಅಂದ. “ಕರೀರಿ, ಆಮೇಲೆ ಇಲ್ಲೇ ನಿಂತು ನೋಡ್ತಿರಿ. ನನಗೆ ಕಣ್ಣು ಸರಿಯಾಗಿ ಕಾಣ್ತಿಲ್ಲ, ಒಂದು ಎಳೆ ಉಳಿದ್ರೂ ಹೇಳಿ.”

ಅವಳು ಕದಲದೆ ನಿಂತಳು. ಅವನು ಮತ್ತೆ ಬಗ್ಗಿ ಮಣ್ಣು ಕೆರೆಯುತ್ತಾ ಹೋದ.